ಕರಿ ಕೋಟಿನ ಮೇಲೆ ಕಾಲೇಜಿನ ಹೆಸರಿರುವುದಿಲ್ಲ



ಪಿಯುಸಿ ಫಲಿತಾಂಶ ಬಂದು, ಪದವಿ ಪರೀಕ್ಷೆಗಳು ಮುಗಿಯುವ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕೋರ್ಟುಗಳ ಆವರಣಕ್ಕೆ ಪಕ್ಷಕಾರರ ಜೊತೆಗೆ ಇನ್ನೊಂದು ಬಗೆಯ ಜನರೂ ಬರುತ್ತಾರೆ. ಅವರು ಮಕ್ಕಳನ್ನು ವಕೀಲಿ ಓದಿಸಬೇಕೆಂದಿರುವ ತಂದೆ-ತಾಯಿಗಳು. “ವಕೀಲ ಸಾಹೇಬ್ರ, ನಮ್ಮ ಹುಡುಗಿಗೆ ಲಾ ಓದಸ್ಬೇಕಂತ ಮಾಡೇವ್ರಿ. ಬೆಳಗಾವಿ ಸಾಕೇನ್ರಿ, ಇಲ್ಲಾ ಬೆಂಗಳೂರಿಗೇ ಕಳಸ್ಬೇಕೋ?” ಎಂದು ಕೇಳುತ್ತಾರೆ. ಸಾಲ ಮಾಡಿ ದೂರ ಕಳಿಸಿದರೆ ದುಡ್ಡು ಹೋದೀತೆಂಬ ಅಂಜಿಕೆ ಒಂದು ಕಡೆ. ಹತ್ತಿರದಲ್ಲೇ ಓದಿಸಿದರೆ ಮಗಳ ಪದವಿಗೆ ಬೆಲೆ ಸಿಗಲಿಕ್ಕಿಲ್ಲವೆಂಬ ಅಂಜಿಕೆ ಇನ್ನೊಂದು ಕಡೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಹೆಸರು ಕೆಲವು ಕೆಲಸಗಳಿಗೆ ಬಹಳ ಲೆಕ್ಕಕ್ಕೆ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಆದ್ದರಿಂದ ಕಾಲೇಜು ಆರಿಸುವ ಮೊದಲು ಕೆಲಸ ಆರಿಸಬೇಕು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಪ್ರವೇಶ ಪಡೆದು, ಪದವಿ ಮುಗಿದ ಮೇಲೆ “ಇನ್ನೇನು ಮಾಡೋದು?” ಎಂದು ಕೇಳುತ್ತಾರೆ.

ಹಿಂದಿನ ಕಾಲದಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ನಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಕಾನೂನು ಓದಬೇಕೆಂದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿತ್ತು. ಜಮಖಂಡಿ ಕಡೆಯ ಸಾವಳಗಿಯ ಬಿ.ಡಿ. ಜತ್ತಿ ಅವರು ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿನಲ್ಲಿ ಓದಿ, ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು. ಮುಂದೆ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಎಸ್. ನಿಜಲಿಂಗಪ್ಪನವರು ಪುಣೆಯ ಲಾ ಕಾಲೇಜಿನಲ್ಲಿ ಓದಿದವರು.

1939ರಲ್ಲಿ ಕರ್ನಾಟಕ ಲಾ ಸೊಸೈಟಿಯವರು ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ತೆರೆದರು. ಹುಕ್ಕೇರಿ ತಾಲ್ಲೂಕಿನವರಿಗೆ ಈ ಹೆಸರು ಹೊಸದಲ್ಲ. ಹಿಡಕಲ್ ಜಲಾಶಯಕ್ಕೂ ವಂಟಮುರಿಯ ಅದೇ ರಾಜಾ ಲಖಮಗೌಡರ ಹೆಸರಿದೆ. ಆ ಜಲಾಶಯ ಕಟ್ಟುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಆ ಹೆಸರಿನ ಕಾಲೇಜಿನಿಂದ ವಕೀಲರು ಹೊರಬರುತ್ತಿದ್ದರು. ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯ ಅವರು ಪುಣೆಯಲ್ಲೂ ಈ ಕಾಲೇಜಿನಲ್ಲೂ ಕಾನೂನು ಓದಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. 1962ರಲ್ಲಿ ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ಬಿ. ವರಾಳೆ ಅವರು ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಇಂಥ ಹೆಸರುಗಳನ್ನು ಸಮಾರಂಭಗಳಲ್ಲಿ ಹೇಳಿ, “ನೋಡಿ, ಎಲ್ಲಿ ಓದಿದರೇನು, ಸಾಧಿಸುವವರು ಸಾಧಿಸುತ್ತಾರೆ” ಎಂದು ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಇವರೆಲ್ಲ ಓದಿದ ಕಾಲದಲ್ಲಿ ಕಾನೂನು ಕಾಲೇಜುಗಳ ನಡುವೆ ಈಗಿನಂಥ ಅಂತರ ಇರಲಿಲ್ಲ. ಆ ಅಂತರ ಹುಟ್ಟಿದ್ದು 1988ರ ನಂತರ.

ಕರ್ನಾಟಕ ಸರ್ಕಾರ 1986ರಲ್ಲಿ ಮಾಡಿದ ಕಾಯ್ದೆಯ ಮೇರೆಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. 1988ರಲ್ಲಿ ತರಗತಿಗಳು ಶುರುವಾದವು. ಪಿಯುಸಿ ಆದ ಮೇಲೆ ಐದು ವರ್ಷ ಅಲ್ಲೇ ಇದ್ದು ಓದುವ ಪದ್ಧತಿಯನ್ನು ಅದರ ಮೊದಲ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಅವರು ಗಟ್ಟಿಮಾಡಿದರು. ಅದೇ ಮಾದರಿಯಲ್ಲಿ ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ. ಬಹುತೇಕ ಎಲ್ಲದರ ಪ್ರವೇಶವೂ 2008ರಲ್ಲಿ ಶುರುವಾದ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆಯ ಮೂಲಕ.

ಅಲ್ಲಿ ಓದಿದವರಿಗೆ ಸಿಗುವ ಲಾಭವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂಬಯಿ, ದೆಹಲಿ, ಬೆಂಗಳೂರಿನ ದೊಡ್ಡ ಲಾ ಫರ್ಮುಗಳು ಕಾಲೇಜಿಗೇ ಬಂದು ಹುಡುಗರನ್ನು ಆರಿಸಿಕೊಳ್ಳುತ್ತವೆ. ಕಂಪನಿಗಳ ಒಪ್ಪಂದ, ಷೇರು, ತೆರಿಗೆ, ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಕೆಲಸ ಅಲ್ಲಿಂದ ಸಿಗುತ್ತದೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲರ ಬಳಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದಾಗ ಕಾಲೇಜಿನ ಹೆಸರು ನೋಡಿ ಕಾಗದ ಮೊದಲು ಎತ್ತಿಕೊಳ್ಳುತ್ತಾರೆ. ಹಿಂದೆ ಓದಿದವರು ಎಲ್ಲೆಲ್ಲೂ ಇರುತ್ತಾರೆ, ಒಂದು ಫೋನು ಮಾಡಿದರೆ ದಾರಿ ತೋರಿಸುತ್ತಾರೆ. ಈ ಕೆಲಸಗಳು ಬೇಕೆಂದಾದರೆ ಹೆಸರು ಬೇಕು. ತಾಲ್ಲೂಕಿನ ಹುಡುಗ-ಹುಡುಗಿಯರು ಅಲ್ಲಿಗೆ ಹೋಗಬಾರದೆಂದು ನಾನು ಎಂದೂ ಹೇಳುವುದಿಲ್ಲ.

ಆದರೆ ಬಾಗಿಲಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಭಾಷೆ. ಕ್ಲ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಒಂದು ಸಾಲಿನವಲ್ಲ. ಪತ್ರಿಕೆಯ ಸಂಪಾದಕೀಯದಂಥ ಒಂದು ಉದ್ದದ ಬರಹ ಕೊಟ್ಟು, ಅದನ್ನು ಓದಿ ಅರ್ಥಮಾಡಿಕೊಂಡರಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುತ್ತಾರೆ. ಕನ್ನಡ ಸಾಲಿಯಲ್ಲಿ ಓದಿದ ಹುಡುಗಿ, ಕಾನೂನಿನ ಬುದ್ಧಿ ಇದ್ದರೂ, ಓದುವ ವೇಗ ಸಾಲದೆ ಹಿಂದೆ ಬೀಳುತ್ತಾಳೆ. ಎರಡನೆಯದು ಹಣ. ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ ಲಕ್ಷಗಳ ಲೆಕ್ಕ. ವಿದ್ಯಾರ್ಥಿವೇತನ, ಶಿಕ್ಷಣ ಸಾಲ ಇವೆ, ಆದರೆ ಅವನ್ನು ಹುಡುಕಿ ಪಡೆಯಬೇಕು. ಮೂರನೆಯದು ಸುದ್ದಿ. ಈ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಅದರ ಹೆಸರು ಕೇಳುವುದು ಮೇ ತಿಂಗಳಲ್ಲಿ, ಪಿಯುಸಿ ಫಲಿತಾಂಶ ಬಂದ ಮೇಲೆ. ಅಷ್ಟೊತ್ತಿಗೆ ಒಂದು ವರ್ಷ ಕೈತಪ್ಪಿರುತ್ತದೆ.

ಇದನ್ನು ದಾಟುವ ದಾರಿಗಳೂ ಇವೆ. 2021ರಿಂದ ಬೆಂಗಳೂರಿನ ಕಾನೂನು ಶಾಲೆ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟು ಮೀಸಲಿಡುತ್ತಿದೆ. ಕೌಜಲಗಿಯ ಸರ್ಕಾರಿ ಸಾಲಿಯಲ್ಲಿ ಓದಿದ ಮಗುವೂ ಇದಕ್ಕೆ ಹಕ್ಕುದಾರ. ಶಮ್ನಾದ್ ಬಷೀರ್ ಅವರು 2010ರಲ್ಲಿ ಹುಟ್ಟುಹಾಕಿದ ಐಡಿಯಾ ಎಂಬ ಸಂಸ್ಥೆ ಬಡ ಹಾಗೂ ಗ್ರಾಮೀಣ ವಿದ್ಯಾರ್ಥಿಗಳನ್ನು ಈ ಪರೀಕ್ಷೆಗೆ ಸಿದ್ಧಪಡಿಸುತ್ತದೆ. ಬೇರೆ ಪದವಿ ಮುಗಿಸಿದವರಿಗಾಗಿ ಅದೇ ಕಾನೂನು ಶಾಲೆ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ಶುರು ಮಾಡಿದೆ. ಪ್ರೌಢಶಾಲೆಯ ಗುರುಗಳು ಎಂಟು-ಒಂಬತ್ತನೆಯ ತರಗತಿಯಲ್ಲೇ ಈ ವಿಷಯ ಹೇಳಿ, ದಿನಕ್ಕೊಂದು ಪುಟ ಇಂಗ್ಲಿಷ್ ಪತ್ರಿಕೆ ಓದಿಸಿದರೆ ಮೊದಲ ಮತ್ತು ಮೂರನೆಯ ಮೆಟ್ಟಿಲುಗಳ ಎತ್ತರ ತಗ್ಗುತ್ತದೆ.

ಇನ್ನು ಹತ್ತಿರದ ಕಾಲೇಜುಗಳ ಮಾತು. ಒಂದು ಸಂಗತಿ ಎಷ್ಟೋ ಪಾಲಕರಿಗೆ ಗೊತ್ತಿರುವುದಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ನಂತರ ಬೆಳಗಾವಿಯ ರಾಜಾ ಲಖಮಗೌಡ ಅಂದರೆ ಆರ್‌.ಎಲ್. ಕಾಲೇಜಿರಲಿ, ಅಲ್ಲಿಯ ಬಿ.ವಿ. ಬೆಲ್ಲದ ಕಾಲೇಜಿರಲಿ, ಹುಬ್ಬಳ್ಳಿಯ ಜಿ.ಕೆ. ಕಾಲೇಜಿರಲಿ, ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪದವಿ ಕೊಡುವ ವಿಶ್ವವಿದ್ಯಾಲಯವೂ ಒಂದೇ. ಬೆಂಗಳೂರಿನ ಅನೇಕ ಕಾಲೇಜುಗಳೂ ಇದೇ ವಿಶ್ವವಿದ್ಯಾಲಯದವು. ಹೀಗಿರುವಾಗ ಬರೀ “ಬೆಂಗಳೂರು” ಎಂಬ ಊರಿನ ಹೆಸರಿಗಾಗಿ ಬಾಡಿಗೆ ಕೋಣೆ ಹಿಡಿದು, ಬೆಳಗಾವಿಯಲ್ಲಿ ಸಿಗುವ ಪದವಿಯನ್ನೇ ಅಲ್ಲಿ ಪಡೆಯುವುದಕ್ಕೆ ಕಾರಣ ಬೇಕು. ಅಲ್ಲಿ ಹೈಕೋರ್ಟಿನಲ್ಲೋ ಕಂಪನಿಯಲ್ಲೋ ಓದುತ್ತಲೇ ಕೆಲಸ ಕಲಿಯುವ ಅವಕಾಶ ಗಟ್ಟಿಯಾಗಿದ್ದರೆ ಸರಿ. ಇಲ್ಲದಿದ್ದರೆ ಅದು ದುಡ್ಡಿನ ದಂಡ.

ಪದವಿ ಮುಗಿದ ಮೇಲೆ ಏನಾಗುತ್ತದೆ? 1961ರ ವಕೀಲರ ಕಾಯ್ದೆಯ ಮುಂದೆ ಎಲ್ಲ ಕಾಲೇಜಿನವರೂ ಒಂದೇ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯಬೇಕು. ನೋಂದಣಿ ಶುಲ್ಕ ಕೂಡ ಹಿಂದೆ ಬಡವರ ಮಕ್ಕಳಿಗೆ ಹೊರೆಯಾಗಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಅದು 100 ಪ್ರಶ್ನೆಗಳ ಪರೀಕ್ಷೆ, ಅದನ್ನು ಕನ್ನಡದಲ್ಲೂ ಬರೆಯಬಹುದು. ಇಷ್ಟಾದ ಮೇಲೆ ಕರಿ ಕೋಟು ಹಾಕಿಕೊಂಡು ಹುಕ್ಕೇರಿ ಕೋರ್ಟಿನಲ್ಲಿ ನಿಂತವರನ್ನು ನ್ಯಾಯಾಧೀಶರು “ನೀವು ಯಾವ ಕಾಲೇಜು?” ಎಂದು ಕೇಳುವುದಿಲ್ಲ. “ವಕಾಲತ್ತು ಹಾಕಿದ್ದೀರಾ? ಸಾಕ್ಷಿ ಬಂದಿದ್ದಾರಾ?” ಎಂದು ಕೇಳುತ್ತಾರೆ.

ಮೂಡಲಗಿ ಕೋರ್ಟಿನಲ್ಲಿ ಒಂದು ವಾಟ್ನಿ, ಅಂದರೆ ಆಸ್ತಿ ಪಾಲಿನ, ದಾವೆ ಎಂದಿಟ್ಟುಕೊಳ್ಳೋಣ. ತಂದೆಯ ಹೆಸರಿನಲ್ಲಿ ಕಾಲುವೆ ನೀರು ಹಾಯುವ ಆರು ಎಕರೆ ಪಿತ್ರಾರ್ಜಿತ ಜಮೀನು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಂದೆ ತೀರಿಕೊಂಡದ್ದು 2001ರಲ್ಲಿ. ವಾರಸಾ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟು ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಏರಿದೆ. ಈಗ ಅಕ್ಕ ಬಂದು ತನ್ನ ಪಾಲು ಕೇಳುತ್ತಿದ್ದಾಳೆ. ಅಣ್ಣತಮ್ಮಂದಿರು “ಅವಾಗನ ಬಾಯಿಮಾತಿನ ವಾಟ್ನಿ ಆಗೇತಿ, ಮದವಿ ಖರ್ಚು ನಾವ ಮಾಡೇವಿ” ಎನ್ನುತ್ತಾರೆ.

ಈ ದಾವೆಯ ಕಾನೂನು ಪುಸ್ತಕದಲ್ಲಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಆ ಲಾಭ ಇರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಬರೀ ಬಾಯಿಮಾತಿನ ವಾಟ್ನಿಯನ್ನು ಸುಲಭವಾಗಿ ನಂಬಬಾರದು ಎಂದೂ ಹೇಳಿತು. ಒಳ್ಳೆಯ ಕಾನೂನು ಶಾಲೆಯಲ್ಲಿ ಓದಿದವರಿಗೆ ಇದು ನಾಲಿಗೆಯ ತುದಿಯಲ್ಲಿರುತ್ತದೆ.

ಆದರೆ ದಾವೆ ಗೆಲ್ಲುವುದಕ್ಕೆ ಇನ್ನೂ ಬೇಕು. ಆ ಆರು ಎಕರೆಯ ಹಳೆಯ ಉತಾರಗಳನ್ನು ತೆಗೆಸಬೇಕು. ಹಕ್ಕು ಬದಲಾವಣೆಯ ಯಾವ ಡೈರಿಯಿಂದ ಯಾರ ಹೆಸರು ಏರಿತು, ಯಾರ ಹೆಸರು ಇಳಿಯಿತು ಎಂದು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಹೋಗಬೇಕು. 1956ಕ್ಕಿಂತ ಹಿಂದಿನ ಕಾಗದಗಳು ಮರಾಠಿಯಲ್ಲಿರಬಹುದು, ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿರಬಹುದು. ಆಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತ ಅಜ್ಜನ ಪಾಟೀಸವಾಲು. ಅವನು “ಹೌಂದ್ರಿ, ಪಂಚರ ಕೂಡಿದ್ರು, ಆದ್ರ ಹೆಣಮಕ್ಕಳನ್ನ ಕರದಿದ್ದಿಲ್ಲ” ಎಂದಾಗ, ಆ ಒಂದು ವಾಕ್ಯ ಅಕ್ಕನಿಗೆ ಪಾಲು ಕೊಡಿಸಬಹುದು. ಅದನ್ನು ಹಾಗೆಯೇ ದಾಖಲೆಗೆ ಬರುವಂತೆ ನೋಡಿಕೊಳ್ಳುವ ಕಿವಿ ವಕೀಲನಿಗೆ ಬೇಕು. ಇದು ಯಾವ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೂ ಇಲ್ಲ. ಇದನ್ನು ಕಲಿಸುವವರು ಹಿರಿಯ ವಕೀಲರು, ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮು, ಮತ್ತು ಕೋರ್ಟಿನ ಬೆಂಚಿನ ಮೇಲೆ ಕಾಯುತ್ತ ಕೂತ ದಿನಗಳು.

ಹಾಗೆಂದು ಸ್ಥಳೀಯ ಹುಡುಗ ತನ್ನಷ್ಟಕ್ಕೆ ಗೆದ್ದ ಎಂದಲ್ಲ. ಉತಾರ ಓದಲು ಬಂದರೂ ವಿನೀತಾ ಶರ್ಮಾ ತೀರ್ಪನ್ನು ಓದಿ ತಿಳಿಯಲಾರದವನು ಅರ್ಧ ವಕೀಲ. ದಾವೆ ಮೇಲ್ಮನವಿಗೆ ಧಾರವಾಡಕ್ಕೆ ಹೋದರೆ ಅಲ್ಲಿಯ ಕಲಾಪ ಇಂಗ್ಲಿಷಿನಲ್ಲಿ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕೆ ಮೊದಲು ನಮ್ಮ ಪಕ್ಷಕಾರರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾಗಿತ್ತು, ಜೊತೆಗೆ ಮೊಕದ್ದಮೆಯೂ ಬೆಂಗಳೂರಿನ ವಕೀಲರ ಕೈ ಸೇರುತ್ತಿತ್ತು. ಈಗ ಗೋಕಾಕದ ಹುಡುಗಿ ಬೆಳಗಾವಿಯಲ್ಲಿ ಓದಿ, ಧಾರವಾಡದಲ್ಲಿ ಹೈಕೋರ್ಟ್ ವಕೀಲಿ ಮಾಡಬಹುದು. ಈ ಬದಲಾವಣೆಯಿಂದ ಹತ್ತಿರದ ಕಾಲೇಜಿನ ಬೆಲೆ ಹೆಚ್ಚಾಗಿದೆ. ಆದರೆ ಅದನ್ನು ದಕ್ಕಿಸಿಕೊಳ್ಳಲು ಇಂಗ್ಲಿಷಿನಲ್ಲಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲು ಬರಬೇಕು.

ನ್ಯಾಯಾಧೀಶರಾಗುವ ಆಸೆಯುಳ್ಳವರಿಗೆ ಒಂದು ಮಾತು. ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಹೈಕೋರ್ಟು ನಡೆಸುವ ಪರೀಕ್ಷೆಯಲ್ಲಿ ಕಾಲೇಜಿನ ಹೆಸರಿಗೆ ಒಂದು ಅಂಕವೂ ಇಲ್ಲ. ಮುಖ್ಯ ಪರೀಕ್ಷೆಯಲ್ಲಿ ಅನುವಾದಕ್ಕೇ 100 ಅಂಕಗಳ ಒಂದು ಪತ್ರಿಕೆ ಇದೆ. ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಇಲ್ಲಿ ಕನ್ನಡ ಸಾಲಿಯ ಮಕ್ಕಳಿಗೆ ಮೇಲುಗೈ ಸಾಧ್ಯ. ಇದರ ಮೇಲೆ 2025ರ ಮೇ 20ರಂದು ಸುಪ್ರೀಂ ಕೋರ್ಟು, ಈ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೇಬೇಕೆಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಕಾಲೇಜಿನಿಂದ ನೇರವಾಗಿ ನ್ಯಾಯಪೀಠಕ್ಕೆ ಹೋಗುವ ದಾರಿ ಈಗ ಇಲ್ಲ. ಮೂರು ವರ್ಷ ಎಲ್ಲಿ, ಯಾರ ಕೈಕೆಳಗೆ ದುಡಿಯುತ್ತೀರಿ ಎನ್ನುವುದು ಎಲ್ಲಿ ಓದಿದಿರಿ ಎನ್ನುವಷ್ಟೇ ಮುಖ್ಯವಾಗಿದೆ.

ಆ ಮೊದಲ ವರ್ಷಗಳೇ ಬಡವರ ಮಕ್ಕಳಿಗೆ ಕಷ್ಟದ ವರ್ಷಗಳು. ಕೈಗೆ ದುಡ್ಡು ಬರುವುದಿಲ್ಲ, ಮನೆಯವರು “ಓದಿ ಏನ್ ಬಂತು?” ಎನ್ನುತ್ತಾರೆ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳಲ್ಲಿ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯ ಯೋಜನೆಗಳಿವೆ, ಅರ್ಜಿ ಹಾಕಿ. ಕಾಲೇಜಿಗೆ ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕುವ ತಂದೆ-ತಾಯಿಗಳು, ಪದವಿಯ ನಂತರದ ಮೂರು ವರ್ಷದ ಖರ್ಚನ್ನೂ ಅದೇ ಲೆಕ್ಕದಲ್ಲಿ ಹಿಡಿಯಬೇಕು. ಎಲ್ಲವನ್ನೂ ಶುಲ್ಕಕ್ಕೇ ಸುರಿದು, ಮಗ ಕೋರ್ಟು ಹತ್ತುವ ಹೊತ್ತಿಗೆ ಕೈ ಬರಿದಾದರೆ ಅವನು ಕೋಟು ಕಳಚಿ ಬೇರೆ ಕೆಲಸಕ್ಕೆ ಹೋಗುತ್ತಾನೆ.

ಈಗ ಕಹಿ ಮಾತು. ಹತ್ತಿರದ ಕಾಲೇಜಿನ ದೊಡ್ಡ ಅಪಾಯ ಅದರ ಹೆಸರು ಸಣ್ಣದೆಂಬುದಲ್ಲ. ಎಷ್ಟೋ ಕಡೆ ವಿದ್ಯಾರ್ಥಿ ಕಾಲೇಜಿಗೇ ಹೋಗುವುದಿಲ್ಲ. ಪ್ರವೇಶ ಪಡೆದು, ಊರಲ್ಲೇ ಇದ್ದು, ಪರೀಕ್ಷೆಯ ಹಿಂದಿನ ವಾರ ಗೈಡು ತಂದು ಓದಿ ಪಾಸಾಗುವವರಿದ್ದಾರೆ. ವಕೀಲರ ಪರಿಷತ್ತಿನ ನಿಯಮಗಳಲ್ಲಿ ಶೇ 70ರ ಹಾಜರಿ ಎಂದು ಬರೆದಿದೆ. ಅದನ್ನು ಕೇಳದ ಕಾಲೇಜು ಒಳ್ಳೆಯದೆಂದು ಹುಡುಕಿಕೊಂಡು ಹೋಗುವ ಪಾಲಕರೂ ಇದ್ದಾರೆ. ಹಾಗೆ ಪಡೆದ ಪದವಿಯಿಂದ ಸನ್ನದು ಸಿಗಬಹುದು, ಪಕ್ಷಕಾರ ಸಿಗುವುದಿಲ್ಲ. ಅಂಥವರು ಸೋತಾಗ ದೂರುವುದು ವಿಶ್ವವಿದ್ಯಾಲಯವನ್ನು.

ಕಾಲೇಜು ನೋಡಲು ಹೋದಾಗ ಕೇಳಬೇಕಾದ್ದು ಇಷ್ಟು. ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೆ ಇದೆಯೆ? ಪೂರ್ಣಾವಧಿಯ ಅಧ್ಯಾಪಕರು ಎಷ್ಟು ಜನ? ಅಣಕು ನ್ಯಾಯಾಲಯ ವರ್ಷಕ್ಕೆ ಎಷ್ಟು ಸಲ ನಡೆಯುತ್ತದೆ? ವಿದ್ಯಾರ್ಥಿಗಳನ್ನು ಕೋರ್ಟಿಗೆ, ಲೋಕ ಅದಾಲತ್ತಿಗೆ, ಕಾನೂನು ನೆರವು ಶಿಬಿರಕ್ಕೆ ಕರೆದೊಯ್ಯುತ್ತಾರೆಯೆ, ಅಥವಾ ಡೈರಿಯಲ್ಲಿ ಬರೆಸಿ ಸಹಿ ಹಾಕುತ್ತಾರೆಯೆ? ಗ್ರಂಥಾಲಯ ಸಂಜೆಯೂ ತೆರೆದಿರುತ್ತದೆಯೆ? ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯೆ? ದಿನಾ ಮೂಡಲಗಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಓದಲು ಸಮಯವೇ ಉಳಿಯುವುದಿಲ್ಲ. ಇವಕ್ಕೆ ನೇರ ಉತ್ತರ ಕೊಡುವ ಕಾಲೇಜು ಸಿಕ್ಕರೆ ಹೆಸರಿನ ಚಿಂತೆ ಬಿಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ದೊಡ್ಡ ಕಾಲೇಜಿನವರಿಗೆ ಮಾತ್ರ ಸಿಗುತ್ತಿದ್ದ ಎಷ್ಟೋ ಸಂಗತಿಗಳು ಇಂದು ನಿಮ್ಮ ಮೊಬೈಲಿನಲ್ಲಿವೆ. 2023ರಿಂದ ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪು ವರದಿಗಳು ಉಚಿತವಾಗಿ ಸಿಗುತ್ತಿವೆ. ಕರ್ನಾಟಕ ಹೈಕೋರ್ಟಿನ ಕಲಾಪವನ್ನು ಮನೆಯಲ್ಲೇ ಕೂತು ನೋಡಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಹೊಸ ಕ್ರಿಮಿನಲ್ ಕಾಯ್ದೆಗಳು ಬಂದಿವೆ. ಮೂವತ್ತು ವರ್ಷ ದಂಡಸಂಹಿತೆ ಬಾಯಿಪಾಠ ಮಾಡಿದ ಹಿರಿಯರೂ ಹೊಸ ಕಲಮುಗಳನ್ನು ನಿಮ್ಮ ಜೊತೆಗೇ ಕಲಿಯುತ್ತಿದ್ದಾರೆ. ನಮ್ಮ ಕಡೆಯ ಕೆಲಸಕ್ಕೆ ಒಂದು ಉದಾಹರಣೆ ನೋಡಿ. ಕಬ್ಬಿನ ಬಿಲ್ಲು ಕೊಡಲು 14 ದಿನ ಮೀರಿದರೆ ಕಾರ್ಖಾನೆ ಶೇ 15ರ ಬಡ್ಡಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಇದನ್ನು ತಿಳಿದು ರೈತನ ಪರವಾಗಿ ನಿಲ್ಲುವ ವಕೀಲರಿಗೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಕೆಲಸದ ಕೊರತೆ ಇಲ್ಲ. 2018ರಲ್ಲಿ ತಾಲ್ಲೂಕಾದ ಮೂಡಲಗಿಯಲ್ಲಂತೂ ಕಚೇರಿಗಳು ಬೆಳೆದಂತೆ ತಕರಾರುಗಳೂ ಬೆಳೆಯುತ್ತವೆ.

ಮತ್ತೆ ದೂರ-ಹತ್ತಿರದ ಪ್ರಶ್ನೆಗೆ ಬರೋಣ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಅವರು ಕೇಂಬ್ರಿಜ್‌ವರೆಗೆ ಹೋಗಿ ಗಣಿತ ಓದಿದರು. ಆಮೇಲೆ 1954ರಿಂದ 1967ರವರೆಗೆ ಧಾರವಾಡದಲ್ಲಿ ಕುಲಪತಿಗಳಾಗಿ, ದೂರ ಹೋಗಲಾರದವರ ಮಕ್ಕಳಿಗಾಗಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದರು. ದೂರ ಹೋಗುವುದು, ಹತ್ತಿರದಲ್ಲೇ ಓದುವುದು ಎರಡಕ್ಕೂ ನಮ್ಮ ನೆಲದಲ್ಲಿ ಮರ್ಯಾದೆ ಇದೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ದೊಡ್ಡ ಕಂಪನಿಗಳ ಕಾನೂನು ಕೆಲಸ ಮಗಳಿಗೆ ಇಷ್ಟವಾದರೆ ಪ್ರೌಢಶಾಲೆಯಿಂದಲೇ ಕ್ಲ್ಯಾಟ್‌ಗೆ ಸಿದ್ಧಪಡಿಸಿ, ಹೆಸರಿರುವ ಕಡೆಗೇ ಕಳಿಸಿ. ಕೋರ್ಟಿನ ವಕೀಲಿ, ಸರ್ಕಾರಿ ಅಭಿಯೋಜಕರ ಹುದ್ದೆ, ನ್ಯಾಯಾಧೀಶರ ಹುದ್ದೆ ಗುರಿಯಾದರೆ ಪಾಠ ನಡೆಯುವ ಹತ್ತಿರದ ಕಾಲೇಜನ್ನು ಆರಿಸಿ, ಉಳಿದ ಹಣವನ್ನು ಮೊದಲ ಮೂರು ವರ್ಷಕ್ಕೆ ತೆಗೆದಿಡಿ. ಯಾವುದೆಂದು ತಿಳಿಯದಿದ್ದರೆ, ಅರ್ಜಿ ತುಂಬುವ ಮೊದಲು ಒಂದು ದಿನ ಅವಳನ್ನು ನಿಮ್ಮ ತಾಲ್ಲೂಕಿನ ಕೋರ್ಟಿಗೆ ಕಳಿಸಿ. ಕೋರ್ಟಿನ ಕಲಾಪ ಸಾರ್ವಜನಿಕ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಬೆಳಗ್ಗೆ 11ಕ್ಕೆ ಹೋಗಿ ಸಂಜೆವರೆಗೆ ಕೂತು ಬರಲಿ. ಯಾವ ಕಾಲೇಜು ಎಂದು ಆಮೇಲೆ ಅವಳನ್ನೇ ಕೇಳಿ.